ಸ್ಟೀರಾಯ್ಡ್ ದಿನಗಳ ಶುಗರ್: ಬೆಳಗಿನ ಪರೀಕ್ಷೆಯೊಂದೇ ಸಾಲದು

ಕೀಮೋ ಹಾಕಿಸಿಕೊಂಡು ಮನೆಗೆ ಬಂದು ಎರಡು ದಿನವಾಗಿದೆ. ಬಾಯಿ ಒಣಗುತ್ತಿದೆ, ಎಷ್ಟು ನೀರು ಕುಡಿದರೂ ದಾಹ ತೀರುತ್ತಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕು, ಸಂಜೆಯಾದರೆ ಕಣ್ಣು ಮಂಜು. ‘ಕೀಮೋ ಅಂದ್ರೆ ಹಾಗೇ, ಎರಡು ದಿನ ಸುಧಾರಿಸಿಕೊಳ್ಳಿ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಯಾರಿಗೋ ಅನುಮಾನ ಬಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದರೆ ವರದಿಯಲ್ಲಿ 104 ಬರುತ್ತದೆ. ಶುಗರ್ ಇಲ್ಲ ಎಂದು ಎಲ್ಲರಿಗೂ ನಿರಾಳ. ಅದೇ ದಿನ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದ್ದರೆ 280 ಸಿಕ್ಕರೂ ಆಶ್ಚರ್ಯವಿರಲಿಲ್ಲ.

ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುವ ಸ್ಟೀರಾಯ್ಡ್ ಔಷಧಗಳು ಶುಗರ್ ಏರಿಸುವ ರೀತಿಯೇ ಬೇರೆ. ಆ ರೀತಿ ಗೊತ್ತಿಲ್ಲದೆ ಪರೀಕ್ಷೆ ಮಾಡಿಸಿದರೆ ತಪ್ಪು ಹೊತ್ತಿನಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ. ಮಾತ್ರೆ, ಇನ್ಸುಲಿನ್ ಎಷ್ಟು ಎಂಬುದು ವೈದ್ಯರು ಹೇಳಬೇಕಾದ ಮಾತು. ಯಾವ ಹೊತ್ತಿಗೆ ನೋಡಬೇಕು, ಏನು ಬರೆದಿಡಬೇಕು, ಯಾವಾಗ ಫೋನ್ ಮಾಡಬೇಕು ಎಂಬುದು ಮಾತ್ರ ರೋಗಿಯ ಮತ್ತು ಮನೆಯವರ ಕೈಯಲ್ಲಿದೆ.

ನಮಗೆ ಸ್ಟೀರಾಯ್ಡ್ ಕೊಟ್ಟೇ ಇಲ್ಲವಲ್ಲ?

ಸ್ಟೀರಾಯ್ಡ್ ಔಷಧಗಳು ಇವತ್ತು ಕ್ಯಾನ್ಸರ್ ವಾರ್ಡಿನಲ್ಲಿ ದಿನನಿತ್ಯದ ಬಳಕೆಯಲ್ಲಿವೆ. ಲಿಂಫೋಮಾಗೆ ಕೊಡುವ ಆರ್-ಚಾಪ್ ಚಿಕಿತ್ಸೆಯಲ್ಲಿ ಪ್ರತಿ ಸುತ್ತಿನ ಮೊದಲ 5 ದಿನ ಸಾಮಾನ್ಯವಾಗಿ 100 ಮಿ.ಗ್ರಾಂ ಪ್ರೆಡ್ನಿಸೋಲೋನ್ ಇರುತ್ತದೆ. ಮೈಲೋಮಾದಲ್ಲಿ ವಾರಕ್ಕೊಮ್ಮೆ 20ರಿಂದ 40 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಕೊಡುವುದುಂಟು. ಮೆದುಳಿನ ಗಡ್ಡೆಯ ಸುತ್ತಲಿನ ಊತ ಇಳಿಸಲು ವಾರಗಟ್ಟಲೆ ಕೊಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್ ಮಾತ್ರೆಯ ಜೊತೆಗೂ ಸಣ್ಣ ಪ್ರಮಾಣದ ಪ್ರೆಡ್ನಿಸೋಲೋನ್ ಇರುತ್ತದೆ.

ಬಹಳ ಮಂದಿಯ ಗಮನ ತಪ್ಪುವುದು ಇನ್ನೊಂದು ಕಡೆ. ವಾಂತಿಯಾಗದಿರಲಿ, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್‌ನಂಥ ಔಷಧಗಳು ಅಲರ್ಜಿ ಮಾಡದಿರಲಿ ಎಂದು ಕೀಮೋಗೆ ಮುಂಚೆ ಡ್ರಿಪ್ಪಿನಲ್ಲೇ ಡೆಕ್ಸಾಮೆಥಾಸೋನ್ ಕೊಟ್ಟಿರುತ್ತಾರೆ. ಮನೆಗೆ ಹೋದ ಮೇಲೆ ನುಂಗಲು ಎರಡು ಮೂರು ದಿನದ ಮಾತ್ರೆಯನ್ನೂ ಬರೆದಿರುತ್ತಾರೆ. ರೋಗಿಗೆ ಅದು ‘ವಾಂತಿ ಮಾತ್ರೆ’. ಡಿಸ್ಚಾರ್ಜ್ ಚೀಟಿಯಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಮೆಥೈಲ್ ಪ್ರೆಡ್ನಿಸೋಲೋನ್, ಹೈಡ್ರೋಕಾರ್ಟಿಸೋನ್ ಎಂಬ ಹೆಸರು ಹುಡುಕಿ. ಮಾತ್ರೆಯ ಪಟ್ಟಿಯ ಮೇಲೆ ಡೆಕ್ಸೋನಾ, ವೈಸೋಲೋನ್, ಓಮ್ನಾಕಾರ್ಟಿಲ್, ಮೆಡ್ರಾಲ್ ಎಂದಿದ್ದರೆ ಅವೂ ಇವೇ.

ಮಿ.ಗ್ರಾಂ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. 8 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಎಂದರೆ ಸುಮಾರು 50 ಮಿ.ಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ನಮ್ಮ ದೇಹ ತಾನಾಗಿ ದಿನಕ್ಕೆ ತಯಾರಿಸುವ ಸ್ಟೀರಾಯ್ಡ್ 5 ಮಿ.ಗ್ರಾಂ ಪ್ರೆಡ್ನಿಸೋಲೋನ್‌ನ ಆಸುಪಾಸಿನದು. ಸಣ್ಣ ಮಾತ್ರೆ ಅಂದುಕೊಂಡದ್ದು ಹತ್ತುಪಟ್ಟು ಆಗಿರುತ್ತದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಏರು: ಯಾಕೆ?

ಸ್ಟೀರಾಯ್ಡ್ ಮೂರು ಕಡೆ ಕೆಲಸ ಮಾಡುತ್ತದೆ. ಯಕೃತ್ತು ಹೆಚ್ಚು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುವಂತೆ ಮಾಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ. ಮೇದೋಜೀರಕ ಗ್ರಂಥಿ ಊಟದ ಹೊತ್ತಿಗೆ ಬಿಡಬೇಕಾದ ಇನ್ಸುಲಿನ್ನನ್ನೂ ತಗ್ಗಿಸುತ್ತದೆ. ಹೀಗಾಗಿ ಹೆಚ್ಚು ಪೆಟ್ಟು ಬೀಳುವುದು ಉಂಡ ಅನ್ನ, ಮುದ್ದೆ ಅರಗುವ ಹೊತ್ತಿನಲ್ಲಿ.

ಬೆಳಿಗ್ಗೆ ತಿಂಡಿಯ ಜೊತೆ ಪ್ರೆಡ್ನಿಸೋಲೋನ್ ತೆಗೆದುಕೊಂಡವರಲ್ಲಿ ಅದರ ಪ್ರಭಾವ ಮಧ್ಯಾಹ್ನದಿಂದ ಸಂಜೆಯವರೆಗೆ ಜೋರಾಗಿರುತ್ತದೆ. ರಾತ್ರಿ ಕಳೆಯುತ್ತ ಇಳಿಯುತ್ತದೆ. ರಾತ್ರಿಯಿಡೀ ಹೊಟ್ಟೆಗೂ ಏನೂ ಬಿದ್ದಿರುವುದಿಲ್ಲ, ಆದ್ದರಿಂದ ಬೆಳಗಾಗುವಷ್ಟರಲ್ಲಿ ಶುಗರ್ ಹೆಚ್ಚುಕಡಿಮೆ ಸಹಜ ಮಟ್ಟಕ್ಕೆ ಬಂದು ನಿಂತಿರುತ್ತದೆ. ಒಂದು ದಿನದ ಪುಸ್ತಕ ಹೀಗಿದೆ ಎಂದುಕೊಳ್ಳಿ: ಬೆಳಿಗ್ಗೆ 7ಕ್ಕೆ 108, ಮಧ್ಯಾಹ್ನ ಊಟಕ್ಕೆ ಮುಂಚೆ 176, ಊಟವಾಗಿ ಎರಡು ಗಂಟೆಗೆ 284, ರಾತ್ರಿ ಊಟಕ್ಕೆ ಮುಂಚೆ 255, ಮಲಗುವಾಗ 210, ಮಾರನೆ ಬೆಳಿಗ್ಗೆ ಮತ್ತೆ 115. ಎರಡು ಬೆಳಗಿನ ಅಂಕಿಗಳನ್ನಷ್ಟೇ ನೋಡಿದವರಿಗೆ ನಡುವಿನ ಏರಿಳಿತ ಕಾಣುವುದೇ ಇಲ್ಲ.

ಡೆಕ್ಸಾಮೆಥಾಸೋನ್ ಇನ್ನೂ ದೀರ್ಘಕಾಲದ್ದು. ಅದರ ಪ್ರಭಾವ ಒಂದೂವರೆ ದಿನಕ್ಕೂ ಮೀರಿ ಉಳಿಯುವುದರಿಂದ ದಿನಕ್ಕೆರಡು ಸಲ ತೆಗೆದುಕೊಳ್ಳುವವರಲ್ಲಿ ಬೆಳಗಿನ ಶುಗರ್ ಕೂಡ ಏರಬಹುದು. ಆಗಲೂ ಮಧ್ಯಾಹ್ನ, ಸಂಜೆಯ ಅಂಕಿಗಳೇ ಸಾಮಾನ್ಯವಾಗಿ ಮೇಲಿರುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಸ್ಟೀರಾಯ್ಡ್ ಜೊತೆಗೆ ಆಸ್ಪರಾಜಿನೇಸ್ ಇಂಜೆಕ್ಷನ್ ಇದ್ದರೆ ಎರಡೂ ಸೇರಿ ಶುಗರ್ ಏರಿಸುತ್ತವೆ. ಅಂಥ ಮಗುವಿನ ತಂದೆತಾಯಿ ಶುಗರಿನ ವಿಷಯವನ್ನು ಮೊದಲ ದಿನವೇ ವೈದ್ಯರ ಮುಂದಿಡಬೇಕು.

ಏರಿದರೇನು, ನಾಲ್ಕು ದಿನ ತಾನೇ ಎನ್ನಬೇಡಿ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾಗಿರುವ ಹೊತ್ತಿನಲ್ಲೇ ಶುಗರ್ ಏರಿದರೆ ಸೋಂಕಿಗೆ ದಾರಿ ಸಲೀಸು. ಬಾಯಲ್ಲಿ ಬಿಳಿ ಪದರ, ಉರಿಮೂತ್ರ, ಗಾಯ ಮಾಯದಿರುವುದು ಇವೆಲ್ಲ ಆಗಲೇ ಕಾಣಿಸಿಕೊಳ್ಳುತ್ತವೆ. ಮೂತ್ರದಲ್ಲಿ ನೀರು ಹೋಗಿ ದೇಹ ಒಣಗುತ್ತದೆ. ಮುಂದಿನ ಸುತ್ತಿನ ಕೀಮೋ ಮುಂದೂಡಬೇಕಾಗಿ ಬರಬಹುದು.

ಮಾಡಬೇಕಾದ್ದು

1. ಚಿಕಿತ್ಸೆ ಶುರುವಾಗುವ ಮುಂಚೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ತಿಳಿಯುತ್ತದೆ. ತಮಗೇ ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಇರುವವರು ನಮ್ಮಲ್ಲಿ ಬಹಳ. ಕೀಮೋ ನಡುವೆ ರಕ್ತ ಏರಿಸಿದರೆ, ರಕ್ತಹೀನತೆ ಬಂದರೆ ಈ ಪರೀಕ್ಷೆಯ ಅಂಕಿ ನಂಬಲಾಗದು. ಅದಕ್ಕೇ ಮುಂಚಿತವಾಗಿ ಮಾಡಿಸುವುದು ಒಳ್ಳೆಯದು.

2. ಗ್ಲೂಕೋಮೀಟರ್ ಒಂದನ್ನು ಮೊದಲ ಕೀಮೋಗೆ ಮುಂಚೆಯೇ ತನ್ನಿ. ಪ್ರತಿ ಸಲ ಲ್ಯಾಬಿಗೆ ಓಡಾಡುವುದು ಸುಸ್ತಾದ ರೋಗಿಗೆ ಆಗದ ಮಾತು, ಅದೂ ರಕ್ತಕಣ ಕಡಿಮೆಯಿರುವಾಗ ಜನರ ನಡುವೆ ಕೂರುವುದು ಒಳ್ಳೆಯದಲ್ಲ. ಮೀಟರ್ ಕೊಳ್ಳಲಾಗದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನಗರದಲ್ಲಾದರೆ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲೋ ವಿಚಾರಿಸಿ. ಹೋಗುವಾಗ ಮಧ್ಯಾಹ್ನದ ಊಟ ಮಾಡಿಕೊಂಡೇ ಹೋಗಿ.

3. ಸಕ್ಕರೆ ಕಾಯಿಲೆ ಮೊದಲಿಂದ ಇಲ್ಲದವರು ಸ್ಟೀರಾಯ್ಡ್ ಇರುವ ದಿನಗಳಲ್ಲಿ ದಿನಕ್ಕೊಮ್ಮೆ ನೋಡಿದರೆ ಸಾಕು. ಆ ಒಂದು ಸಲ ಮಧ್ಯಾಹ್ನದ ಊಟವಾಗಿ ಒಂದೆರಡು ಗಂಟೆಗೆ, ಇಲ್ಲವೇ ರಾತ್ರಿ ಊಟಕ್ಕೆ ಮುಂಚೆ ಇರಲಿ. ಅಂಕಿ 215ರೊಳಗೇ ಇದ್ದರೆ ಹಾಗೇ ಮುಂದುವರಿಸಿ. 215 ದಾಟಿದರೆ ದಿನಕ್ಕೆ ನಾಲ್ಕು ಸಲ ನೋಡಲು ಶುರುಮಾಡಿ ವೈದ್ಯರಿಗೆ ತಿಳಿಸಿ.

4. ಮೊದಲೇ ಸಕ್ಕರೆ ಕಾಯಿಲೆ ಇರುವವರು ಮೂರು ಊಟಕ್ಕೆ ಮುಂಚೆ ಮತ್ತು ಮಲಗುವಾಗ, ಒಟ್ಟು ನಾಲ್ಕು ಸಲ ನೋಡಬೇಕು. ಮಧ್ಯಾಹ್ನದ ಊಟದ ನಂತರದ್ದೂ ಒಂದು ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಸ್ಟೀರಾಯ್ಡ್ ಶುರುವಾಗುವುದಕ್ಕೆ ಮುಂಚೆಯೇ ಶುಗರ್ ವೈದ್ಯರಿಗೆ ತೋರಿಸಿ, ‘ಆ ದಿನಗಳಲ್ಲಿ ಔಷಧ ಎಷ್ಟು ಏರಿಸಬೇಕು, ನಿಂತ ದಿನ ಎಷ್ಟು ಇಳಿಸಬೇಕು’ ಎಂದು ಎರಡನ್ನೂ ಕೇಳಿ ಬರೆಸಿಕೊಳ್ಳಿ. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಕಾರಣ ಮುಂದೆ ಹೇಳುತ್ತೇನೆ.

5. ಒಂದು ನೋಟ್‌ಪುಸ್ತಕ ಇಡಿ. ತಾರೀಖು, ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ, ಅಂಕಿ, ಆ ದಿನ ತೆಗೆದುಕೊಂಡ ಸ್ಟೀರಾಯ್ಡ್ ಎಷ್ಟು ಮಿ.ಗ್ರಾಂ, ಎಷ್ಟು ಗಂಟೆಗೆ, ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಎಷ್ಟು, ಏನು ಊಟ. ಮೀಟರಿನ ನೆನಪಿನಲ್ಲಿ ಅಂಕಿ ಇರುತ್ತದೆ, ಸ್ಟೀರಾಯ್ಡ್ ಯಾವತ್ತು ಇತ್ತು ಎಂಬುದು ಇರುವುದಿಲ್ಲ. ಕ್ಯಾನ್ಸರ್ ವೈದ್ಯರು ಒಂದು ಆಸ್ಪತ್ರೆಯಲ್ಲಿ, ಶುಗರ್ ವೈದ್ಯರು ಇನ್ನೊಂದು ಊರಿನಲ್ಲಿ ಇರುವ ಮನೆಗಳೇ ಹೆಚ್ಚು. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಕೀಮೋ ಮುಗಿಸಿ ಊರಿಗೆ ಮರಳುವವರ ವಿಷಯದಲ್ಲಿ ಈ ಇಬ್ಬರು ವೈದ್ಯರ ನಡುವಿನ ಕೊಂಡಿ ಆ ಪುಸ್ತಕವೊಂದೇ. ಅದನ್ನು ಪ್ರತಿ ಭೇಟಿಗೂ ಫೈಲಿನ ಮೇಲೇ ಇಟ್ಟುಕೊಂಡು ಹೋಗಿ.

6. ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೇ, ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ರಾತ್ರಿ ಎಂದಾದರೆ ಶುಗರ್ ಏರುವ ಹೊತ್ತೂ ಬದಲಾಗುತ್ತದೆ, ನಿದ್ದೆಯೂ ಕೆಡುತ್ತದೆ.

ಬೆರಳು ಚುಚ್ಚುವಾಗ

ಕೈಯನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಮಾವಿನಹಣ್ಣು ಹೆಚ್ಚಿದ ಕೈ, ಬೆಲ್ಲ ಮುಟ್ಟಿದ ಕೈ ಹಾಗೇ ಚುಚ್ಚಿದರೆ ಅಂಕಿ ಎಲ್ಲೋ ಹೋಗಿ ನಿಲ್ಲುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರುವವರೆಗೆ ಕಾಯಿರಿ. ಬೆರಳ ತುದಿಯ ನಡುಭಾಗ ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಆಕ್ಸಾಲಿಪ್ಲಾಟಿನ್‌ನಿಂದ ಬೆರಳು ಜೋಮು ಹಿಡಿದವರಿಗೆ ಇದು ಇನ್ನೂ ಮುಖ್ಯ. ಆಕ್ಸಾಲಿಪ್ಲಾಟಿನ್ ತೆಗೆದುಕೊಳ್ಳುವವರು ತಣ್ಣೀರು ಬಿಟ್ಟು ಉಗುರುಬೆಚ್ಚನೆಯ ನೀರಿನಲ್ಲಿ ಕೈ ತೊಳೆಯಿರಿ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ಕೈ ಬಿಟ್ಟು ಇನ್ನೊಂದು ಕೈ ಬಳಸಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಹತ್ತಿಯಿಂದ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು.

ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಕೂಡಲೇ ಮುಚ್ಚಿ. ಮಲೆನಾಡಿನ, ಕರಾವಳಿಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲಿಡುವುದೂ ಬೇಡ. ಸೂಜಿ ಒಬ್ಬರಿಗೇ, ಒಂದೇ ಸಲಕ್ಕೆ. ಬಳಸಿದ್ದನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಟ್ಟು ಆಸ್ಪತ್ರೆಗೆ ಕೊಡಿ.

ಮೀಟರ್ ತೋರಿಸುವುದು ಅಂದಾಜು. ಒಳ್ಳೆಯ ಮೀಟರಿನಲ್ಲೂ ನಿಜವಾದ 200 ಎಂಬುದು 170ರಿಂದ 230ರವರೆಗೆ ಎಲ್ಲಿಯಾದರೂ ಕಾಣಬಹುದು. ಹಿಮೋಗ್ಲೋಬಿನ್ ತೀರಾ ಕೆಳಗಿದ್ದರೆ ಕೆಲವು ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅಂಕಿಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದರೆ ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತದಲ್ಲಿ ನೋಡಿಸಿ.

ಊಟದ ವಿಷಯ

ಶುಗರ್ ಏರಿತೆಂದು ರೋಗಿಯನ್ನು ಉಪವಾಸ ಕೆಡವುವುದು ನನಗೆ ಎಲ್ಲಕ್ಕಿಂತ ಸಂಕಟದ ವಿಷಯ. ಚಿಕಿತ್ಸೆ ತಾಳಿಕೊಳ್ಳಲು ತೂಕ ಬೇಕು, ಪ್ರೋಟೀನ್ ಬೇಕು. ಪ್ರಮಾಣ ಕಡಿಮೆ ಮಾಡುವುದಕ್ಕಿಂತ ಹಲವು ಹೊತ್ತಿಗೆ ಹಂಚಿಕೊಳ್ಳುವುದು ಮೇಲು. ಮಧ್ಯಾಹ್ನ ಒಮ್ಮೆಗೇ ತಟ್ಟೆ ತುಂಬ ಅನ್ನ ಉಣ್ಣುವ ಬದಲು ಎರಡು ಸಲಕ್ಕೆ ಮಾಡಿ. ಅನ್ನವಿರಲಿ, ಮುದ್ದೆಯಿರಲಿ, ಜೋಳದ ರೊಟ್ಟಿಯಿರಲಿ, ಜೊತೆಗೆ ಕಾಳಿನ ಸಾರು, ಮೊಟ್ಟೆ, ಮೊಸರು, ಬೇಯಿಸಿದ ತರಕಾರಿ ಇದ್ದರೆ ಶುಗರ್ ಏರುವ ವೇಗ ತಗ್ಗುತ್ತದೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಬೇಡ. ರಾಗಿ ಅಂಬಲಿಯೂ ಏರಿಸುತ್ತದೆ, ಬೆಲ್ಲ ಹಾಕಿದರೆ ಇನ್ನಷ್ಟು. ಬಾಯಿಹುಣ್ಣಿನಿಂದ ಗಂಜಿ ಬಿಟ್ಟು ಬೇರೇನೂ ಇಳಿಯದಿದ್ದರೆ ಅದಕ್ಕೆ ಹೆಸರುಬೇಳೆ ಸೇರಿಸಿ ಬೇಯಿಸಿ, ಮೊಸರು ಕಲಸಿ ಕೊಡಿ.

ರಕ್ತ ಹೆಚ್ಚಲೆಂದು ನೆಂಟರು ಪ್ರೀತಿಯಿಂದ ತರುವ ದಾಳಿಂಬೆ ರಸ, ಬೀಟ್‌ರೂಟ್ ಜ್ಯೂಸ್, ಖರ್ಜೂರ, ಜೇನುತುಪ್ಪ ಇವು ಸ್ಟೀರಾಯ್ಡ್ ದಿನಗಳಲ್ಲಿ ಒಂದೇ ಗಂಟೆಯಲ್ಲಿ ಅಂಕಿಯನ್ನು ಮೇಲಕ್ಕೆಳೆಯುತ್ತವೆ. ಹಣ್ಣನ್ನು ಹಣ್ಣಾಗಿಯೇ, ಒಂದು ಸಲಕ್ಕೆ ಸ್ವಲ್ಪ ತಿನ್ನಲಿ. ಬಿಳಿ ರಕ್ತಕಣ ಕಡಿಮೆಯಿರುವಾಗ ಹಣ್ಣು ಚೆನ್ನಾಗಿ ತೊಳೆದು ಸಿಪ್ಪೆ ತೆಗೆದದ್ದಾಗಿರಲಿ. ಬಾಯಾರಿಕೆಗೆ ನೀರು ಅಥವಾ ಆಗಷ್ಟೇ ಕಡೆದ ಮಜ್ಜಿಗೆ ಕೊಡಿ. ಸ್ಟೀರಾಯ್ಡ್ ಹಸಿವು ಕೆರಳಿಸುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರೆ ಬಿಸ್ಕತ್ತಿನ ಬದಲು ಹುರಿದ ಕಡಲೆ, ಬೇಯಿಸಿದ ಕಾಳು ಕೈಗೆ ಸಿಗುವಂತಿರಲಿ. ಆಗುವವರು ಊಟವಾದ ಮೇಲೆ ಹತ್ತು ನಿಮಿಷ ಮನೆಯೊಳಗೇ ಓಡಾಡಿದರೂ ಲಾಭವಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಶುಗರ್ ಏರಿತೆಂದು ಸ್ಟೀರಾಯ್ಡ್ ನಿಲ್ಲಿಸಿಬಿಡುವುದು. ಲಿಂಫೋಮಾ, ಮೈಲೋಮಾದಲ್ಲಿ ಅದೇ ಕ್ಯಾನ್ಸರಿನ ಔಷಧ. ಮೂರು ನಾಲ್ಕು ವಾರಕ್ಕೂ ಹೆಚ್ಚು ತೆಗೆದುಕೊಂಡವರಲ್ಲಿ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಕೆ ನಿದ್ದೆಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು.

ಸ್ಟೀರಾಯ್ಡ್ ನಿಂತ ಮೇಲೂ ಏರಿಸಿದ ಇನ್ಸುಲಿನ್ ಹಾಗೇ ಮುಂದುವರಿಸುವುದು. ಮೇಲೆ ಎರಡನೆಯ ಪ್ರಶ್ನೆ ಮುಖ್ಯ ಎಂದದ್ದು ಇದಕ್ಕೇ. ಸ್ಟೀರಾಯ್ಡ್ ಇಳಿಯುತ್ತಿದ್ದಂತೆ ಶುಗರ್ ಒಂದೆರಡು ದಿನದಲ್ಲೇ ಇಳಿಯುತ್ತದೆ. ಔಷಧವೂ ಜೊತೆಯಲ್ಲೇ ಇಳಿಯದಿದ್ದರೆ ರಾತ್ರಿ ನಿದ್ದೆಯಲ್ಲಿ ಲೋ ಶುಗರ್ ಆಗುತ್ತದೆ. ಇನ್ಸುಲಿನ್ ಮಾತ್ರವಲ್ಲ, ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆಳಗಿನ ಶುಗರ್ ನೋಡಿ ರಾತ್ರಿಯ ಇನ್ಸುಲಿನ್ ಏರಿಸುವುದು. ಏರುವುದು ಮಧ್ಯಾಹ್ನವಾದರೆ ಔಷಧದ ಬಲವೂ ಮಧ್ಯಾಹ್ನವೇ ಬೇಕು. ಬೆಳಿಗ್ಗೆ ಪ್ರೆಡ್ನಿಸೋಲೋನ್ ತೆಗೆದುಕೊಳ್ಳುವವರಿಗೆ ವೈದ್ಯರು ಬೆಳಿಗ್ಗೆಯೇ ಎನ್‌ಪಿಎಚ್ ಇನ್ಸುಲಿನ್ ಬರೆಯುವುದುಂಟು, ಎರಡರ ಏರಿಳಿತವೂ ಹೆಚ್ಚುಕಡಿಮೆ ಒಂದೇ ಹೊತ್ತಿನದು.

ಸಿರಿಂಜ್ ಅದಲುಬದಲು. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು 40 ಯೂನಿಟ್ಟಿನವೂ ಇವೆ, 100 ಯೂನಿಟ್ಟಿನವೂ ಇವೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಒಳಗೆ ಹೋಗುತ್ತದೆ. ಅಂಗಡಿಯಿಂದ ತಂದ ಪ್ರತಿ ಸಲ ಬಾಟಲಿಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಒಟ್ಟಿಗಿಟ್ಟು ಓದಿ.

ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ಹೆಸರಿಲ್ಲದ ಪುಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಕೀಮೋ ಔಷಧಗಳಲ್ಲಿ ಹಲವು ಯಕೃತ್ತಿನ ಮೂಲಕವೇ ಹೋಗಬೇಕು. ವೈದ್ಯರನ್ನು ಕೇಳದೆ ಇವು ಬೇಡ.

ವಾಂತಿ, ಭೇದಿ ಇದ್ದು ಏನೂ ತಿನ್ನದ ದಿನವೂ ಎಲ್ಲ ಮಾತ್ರೆ ನುಂಗುವುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಇಂಥ ದಿನ ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ಏರಬಹುದು. ದೇಹ ಒಣಗಿದಾಗ ಮೆಟ್‌ಫಾರ್ಮಿನ್ನೂ ಒಳ್ಳೆಯದಲ್ಲ. ಕೂಡಲೇ ಫೋನ್ ಮಾಡಿ ಯಾವುದು ನಿಲ್ಲಿಸಬೇಕು ಕೇಳಿ. ಇನ್ಸುಲಿನ್ನನ್ನು ಮಾತ್ರ ಕೇಳದೆ ಪೂರ್ತಿ ನಿಲ್ಲಿಸಬೇಡಿ.

ಯಾವಾಗ ತಡಮಾಡಬಾರದು

ಶುಗರ್ 70ಕ್ಕಿಂತ ಕೆಳಗಿದ್ದರೆ, ಅಥವಾ ಬೆವರು, ನಡುಕ, ಎದೆಬಡಿತ, ತಡವರಿಸುವ ಮಾತು ಕಂಡರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ವೋಗ್ಲಿಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು, ಒಂದು ಡಬ್ಬಿ ಮನೆಯಲ್ಲಿರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಬೆನ್ನುಬೆನ್ನಿಗೆ ಎರಡು ಸಲ 250 ದಾಟಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. 300ಕ್ಕಿಂತ ಮೇಲಿದ್ದು ವಾಂತಿ, ಮಂಪರು, ಗೊಂದಲದ ಮಾತು, ಜೋರುಜೋರಾದ ಉಸಿರು ಇದ್ದರೆ, ಅಥವಾ ಮೀಟರಿನಲ್ಲಿ ಅಂಕಿಯ ಬದಲು ‘ಹೈ’ ಎಂಬ ಅಕ್ಷರ ಬಂದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.

ಜ್ವರ 100.4 ಡಿಗ್ರಿ ಮುಟ್ಟಿದರೆ ಶುಗರ್ ಎಷ್ಟೇ ಇರಲಿ, ಕೀಮೋ ನಡೆಯುತ್ತಿರುವವರು ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಬೇಕು. ಸ್ಟೀರಾಯ್ಡ್ ಜ್ವರವನ್ನು ಮರೆಮಾಚುವುದೂ ಉಂಟು. ಕಾರಣವಿಲ್ಲದೆ ಶುಗರ್ ಹಠಾತ್ತನೆ ಏರಿದರೆ ಎಲ್ಲೋ ಸೋಂಕಿದೆಯೇ ಎಂದು ವೈದ್ಯರನ್ನು ಕೇಳಿ.

ಕೀಮೋ ದಿನದಂದು ಆಸ್ಪತ್ರೆಯಲ್ಲಿ ಡೆಕ್ಸ್ಟ್ರೋಸ್ (ಗ್ಲೂಕೋಸ್) ಡ್ರಿಪ್ ಹಾಕಿದರೆ ಗಾಬರಿಯಾಗಬೇಡಿ. ಆಕ್ಸಾಲಿಪ್ಲಾಟಿನ್ ಉಪ್ಪಿನ ದ್ರಾವಣದಲ್ಲಿ ಬೆರೆಸುವಂತಿಲ್ಲ, ಡೆಕ್ಸ್ಟ್ರೋಸ್‌ನಲ್ಲೇ ಕೊಡಬೇಕು. 5 ಶೇಕಡಾ ದ್ರಾವಣದ ಅರ್ಧ ಲೀಟರಿನಲ್ಲಿ 25 ಗ್ರಾಂ ಡೆಕ್ಸ್ಟ್ರೋಸ್ ಇರುತ್ತದೆ. ಶುಗರ್ ಇದೆ ಎಂದು ನರ್ಸಿಗೆ ಮೊದಲೇ ಹೇಳಿ, ಆ ದಿನ ಸಂಜೆ ಒಂದು ಸಲ ಹೆಚ್ಚು ನೋಡಿ.

ಚಿಕಿತ್ಸೆ ಮುಗಿದ ಮೇಲೆ

ಹಲವರಲ್ಲಿ ಸ್ಟೀರಾಯ್ಡ್ ನಿಂತ ಮೇಲೆ ಶುಗರ್ ತಾನಾಗಿ ಸರಿಹೋಗುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ, ಅದು ಮೊದಲೇ ಒಳಗೊಳಗೆ ಇದ್ದದ್ದೂ ಆಗಿರಬಹುದು. ಕೊನೆಯ ಸ್ಟೀರಾಯ್ಡ್ ಆಗಿ ಮೂರು ತಿಂಗಳಿಗೆ, ಹಿಮೋಗ್ಲೋಬಿನ್ ಸುಧಾರಿಸಿದ್ದು ನೋಡಿಕೊಂಡು, ಎಚ್‌ಬಿಎ1ಸಿ ಮತ್ತು ಊಟಕ್ಕೆ ಮುಂಚಿನ, ನಂತರದ ಶುಗರ್ ಪರೀಕ್ಷೆ ಮಾಡಿಸಿ. ಆಮೇಲೂ ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಮುಂದೆ ಕೀಲುನೋವಿಗೋ ಉಬ್ಬಸಕ್ಕೋ ಯಾರಾದರೂ ಸ್ಟೀರಾಯ್ಡ್ ಬರೆದರೆ ‘ಹಿಂದೆ ಇದರಿಂದ ನನಗೆ ಶುಗರ್ ಏರಿತ್ತು’ ಎಂದು ಆ ವೈದ್ಯರಿಗೆ ಮೊದಲೇ ಹೇಳಿ, ಹಳೆಯ ಪುಸ್ತಕ ತೋರಿಸಿ.